ಅಂಗಾಂಶದ ಹಂದರ: ಮುದ್ರಣವೋ, ಬಿತ್ತನೆಯೋ?

ಶರೀರವು ಧರ್ಮಸಾಧನೆಯ ಮೊದಲ ಉಪಕರಣವೆಂದು ಪ್ರಾಚೀನರು ಬಗೆದರು. ಹನ್ನೆರಡನೆಯ ಶತಮಾನದ ಶಿವಶರಣರು ಇನ್ನೂ ಒಂದು ಹೆಜ್ಜೆ ಮುಂದೆ ನಡೆದು ಈ ದೇಹವನ್ನೇ ದೇವಾಲಯವೆಂದು ಕಂಡರು. ಕಲ್ಲಿನ ಗುಡಿ ಶಿಥಿಲವಾದರೆ ಜೀರ್ಣೋದ್ಧಾರಕ್ಕೆ ಊರು ಕೂಡುತ್ತದೆ, ದಾನಿಗಳು ಮುಂದೆ ಬರುತ್ತಾರೆ, ಶಿಲ್ಪಿ ಉಳಿ ಹಿಡಿಯುತ್ತಾನೆ. ದೇಹವೆಂಬ ಗುಡಿಯ ಒಂದು ಕಂಬ ಕುಸಿದರೆ, ಒಂದು ಗೋಡೆ ಬಿರಿದರೆ, ಅದರ ಜೀರ್ಣೋದ್ಧಾರ ಹೇಗೆ? ಸಹಸ್ರಾರು ವರ್ಷಗಳಿಂದ ವೈದ್ಯಶಾಸ್ತ್ರವನ್ನು ಕಾಡಿದ ಪ್ರಶ್ನೆ ಇದು. ರೋಗಿಯ ಶರೀರದಿಂದಲೇ ಜೀವಕೋಶಗಳನ್ನು ತೆಗೆದು, ಅವನ್ನು ಬೆಳೆಸಿ, ಮೆದುವಾದೊಂದು ಚೌಕಟ್ಟಿನಲ್ಲಿ ಪದರಪದರವಾಗಿ ನೆಲೆಗೊಳಿಸಿ, ಕೆಟ್ಟುಹೋದ ಭಾಗಕ್ಕೆ ಬದಲಾಗಿ ಹೊಸ ಅಂಗಾಂಶವನ್ನು ಕಟ್ಟಬಹುದೆಂದು ಈಗ ವಿಜ್ಞಾನ ಹೇಳುತ್ತಿದೆ. ಇದಕ್ಕೆ ಬಯೋಪ್ರಿಂಟಿಂಗ್ ಎಂಬ ಹೆಸರು ಬಂದಿದೆ. ಕನ್ನಡ ಪತ್ರಿಕೆಗಳು ಅದನ್ನು ಜೈವಿಕ ಮುದ್ರಣವೆಂದು ಕರೆಯುತ್ತಿವೆ.

2019ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾನವನ ಕೋಶಗಳಿಂದ ಒಂದು ಪುಟ್ಟ ಹೃದಯವನ್ನು ಮುದ್ರಿಸಿದರೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಆ ಹೃದಯ ಮೊಲದ ಹೃದಯದಷ್ಟು ಗಾತ್ರದ್ದು. ಅದರ ಕೋಶಗಳು ಸಂಕೋಚಗೊಳ್ಳಬಲ್ಲವಾಗಿದ್ದರೂ ರಕ್ತವನ್ನು ಒತ್ತಿ ಸಾಗಿಸುವ ಶಕ್ತಿ ಅದಕ್ಕಿರಲಿಲ್ಲ. ಹಾಗೆಂದು ವಿಜ್ಞಾನಿಗಳೇ ಸ್ಪಷ್ಟವಾಗಿ ತಿಳಿಸಿದ್ದರು. ಆದರೆ ಸುದ್ದಿ ಊರಿಂದೂರಿಗೆ ಹರಿಯುವಾಗ ಮೊದಲು ಕಳಚಿ ಬೀಳುವುದು ಇಂಥ ‘ಆದರೆ’ಗಳೇ. ಉಬ್ರಾಣಿಯ ಅರಳಿಕಟ್ಟೆಯವರೆಗೆ ಬರುವ ಹೊತ್ತಿಗೆ ಉಳಿಯುವುದು ಒಂದೇ ವಾಕ್ಯ: ಹೃದಯವನ್ನು ಅಚ್ಚುಹಾಕುತ್ತಾರಂತೆ! ಹೀಗೆ ಬಂದ ಸುದ್ದಿಯನ್ನು ಕೇಳಿ ಕೆಲವರು ದೈವದ ಸೃಷ್ಟಿಗೆ ಕೈಹಾಕಿದರೆಂದು ಮುನಿಯುತ್ತಾರೆ. ಕೆಲವರು ಇನ್ನು ಯಾರಿಗೂ ಅಂಗವೈಕಲ್ಯವಿಲ್ಲವೆಂದು ಹಿಗ್ಗುತ್ತಾರೆ. ಮುನಿಸು ಹಿಗ್ಗುಗಳೆರಡೂ ಒಂದೇ ತಪ್ಪು ತಿಳಿವಿನಿಂದ ಹುಟ್ಟಿದವು. ಆ ತಪ್ಪಿನ ಮೂಲ ‘ಮುದ್ರಣ’ ಎಂಬ ಶಬ್ದದಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಲ್ಲ.

ಶಬ್ದದ ವಿಚಾರ ಬಂದುದರಿಂದ ಕನ್ನಡದ ಸಂಪತ್ತನ್ನು ಒಮ್ಮೆ ನೋಡಬೇಕು. ಕಿರಿದಾದ ಕಣಗಳೆಲ್ಲ ಕೂಡಿ ಒಂದು ಕೆಲಸಕ್ಕೆ ನಿಂತ ನೆಯ್ಗೆಗೆ ಕನ್ನಡದ ಶಾಸ್ತ್ರಗ್ರಂಥಗಳು ಅಂಗಾಂಶವೆಂದು ಹೆಸರಿಟ್ಟಿವೆ. ಅಂಗದ ಅಂಶ ಅದು. ಅದರ ಘಟಕವೇ ಜೀವಕೋಶ. ಕೋಶವೆಂದರೆ ಒರೆ, ಬೊಕ್ಕಸ, ಭಂಡಾರ. ಉಪನಿಷತ್ತಿನ ಅನ್ನಮಯಾದಿ ಪಂಚಕೋಶಗಳು ಈ ಶಬ್ದಕ್ಕೆ ಎಂದೋ ಘನತೆ ತಂದಿವೆ. ಷಟ್ಸ್ಥಲ ಸಿದ್ಧಾಂತದಲ್ಲಿಯಂತೂ ಅಂಗವೆಂಬುದು ಬರಿಯ ಅವಯವವಲ್ಲ, ಲಿಂಗದೊಡನೆ ಸಾಮರಸ್ಯ ಪಡೆಯಬೇಕಾದ ಜೀವವೇ ಅಂಗ. ಇನ್ನು, ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಜೋಡಿಸುವುದಕ್ಕೆ ಕನ್ನಡಿಗರು ‘ಕಸಿ’ ಎಂದರು. ಆ ಶಬ್ದವನ್ನು ಯಾವ ಪಂಡಿತನೂ ಟಂಕಿಸಲಿಲ್ಲ. ಮಾವಿನ ಗಿಡಕ್ಕೆ ಕಸಿ ಕಟ್ಟುವ ತೋಟಿಗನ ಬಾಯಿಂದ ಅದು ನೇರವಾಗಿ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಯಿತು. ಅದಕ್ಕೇ ಓದು ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ. ತೋಟದ ನುಡಿ ವೈದ್ಯಶಾಸ್ತ್ರಕ್ಕೆ ಹೀಗೆ ಸಲ್ಲುವುದಾದರೆ, ಹೊಸ ವಿದ್ಯೆಗೂ ಹೊಲದ ನುಡಿಯನ್ನೇಕೆ ಕೇಳಬಾರದು?

ಇಂಥ ವಿದ್ಯೆ ಭಾರತಕ್ಕೆ ತೀರ ಅಪರಿಚಿತವೂ ಅಲ್ಲ. ಕತ್ತರಿಸಿದ ಮೂಗನ್ನು ಚರ್ಮದಿಂದ ಮರಳಿ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸಿದೆ. ಮೈಸೂರಿನ ಯುದ್ಧಕಾಲದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. 1792ರ ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಒಬ್ಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಮೇಣದಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಅಳತೆ ಗುರುತಿಸಿ, ಅಷ್ಟೇ ಚರ್ಮವನ್ನು ಎತ್ತಿ ತಿರುಗಿಸಿ ಹೊಸ ಮೂಗನ್ನು ಕಟ್ಟಿದ. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಗಿ ಐರೋಪ್ಯ ವೈದ್ಯರ ಕಣ್ಣು ತೆರೆಸಿತು. ಮೊದಲು ಆಕಾರ, ಬಳಿಕ ಜೀವವುಳ್ಳ ದ್ರವ್ಯ ಎಂಬ ತತ್ತ್ವ ಅಲ್ಲಿಯೇ ಇದೆ. ಅದನ್ನು ಸಾಧಿಸಿದವನು ಅರಮನೆಯ ವೈದ್ಯನಲ್ಲ, ಮಣ್ಣಿನ ಹದವನ್ನು ಬಲ್ಲ ಕಾಯಕದವನು ಎಂಬುದನ್ನು ಶರಣ ಪರಂಪರೆಯವರು ವಿಶೇಷವಾಗಿ ಗಮನಿಸಬೇಕು.

ಆಧುನಿಕ ಕಾಲದ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1984ರಲ್ಲಿ ಅಮೆರಿಕೆಯ ಚಾರ್ಲ್ಸ್ ಹಲ್ ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸಿ ಘನಾಕೃತಿಗಳನ್ನು ರಚಿಸುವ ಯಂತ್ರವನ್ನು ರೂಪಿಸಿದ. 1988ರಲ್ಲಿ ಟೆಕ್ಸಾಸಿನ ರಾಬರ್ಟ್ ಕ್ಲೆಬೆ, ಕಚೇರಿಗಳಲ್ಲಿ ಬಳಸುವ ಮಸಿ ಚಿಮ್ಮುವ ಮುದ್ರಕದಿಂದಲೇ ಜೀವಕೋಶಗಳು ಅಂಟಿಕೊಳ್ಳುವ ಪ್ರೋಟೀನನ್ನು ಬೇಕಾದ ಆಕಾರದಲ್ಲಿ ಎರಚಿ ತೋರಿಸಿದ. 1993ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಎಂಬವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಟಿಶ್ಯೂ ಇಂಜಿನಿಯರಿಂಗ್ ಎಂಬ ಶಾಸ್ತ್ರಕ್ಕೆ ತಳಪಾಯ ಹಾಕಿತು. 2003ರಲ್ಲಿ ಥಾಮಸ್ ಬೋಲೆಂಡ್ ಜೀವಂತ ಕೋಶಗಳನ್ನೇ ಮಸಿಯಂತೆ ಮುದ್ರಕದಿಂದ ಹಾಯಿಸಿದ. ಇದಕ್ಕೂ ಮೊದಲೇ, 1999ರಿಂದ, ಆಂಥೊನಿ ಅಟಾಲ ಎಂಬ ವೈದ್ಯನ ತಂಡ ರೋಗಿಗಳ ಸ್ವಂತ ಕೋಶಗಳನ್ನು ಚೀಲದಾಕಾರದ ಚೌಕಟ್ಟಿನ ಮೇಲೆ ಬೆಳೆಸಿ ಮೂತ್ರಕೋಶಗಳನ್ನು ಕಟ್ಟಿ ಜೋಡಿಸಿತ್ತು. ಏಳು ಮಂದಿಯ ಚಿಕಿತ್ಸೆಯ ಫಲವನ್ನು 2006ರಲ್ಲಿ ಪ್ರಕಟಿಸಿತು. ಅಲ್ಲಿ ಮುದ್ರಕವಿರಲಿಲ್ಲ, ಕೋಶಗಳನ್ನು ಕೈಯಿಂದಲೇ ಹರಡಿದ್ದರು. ಅಂದರೆ ಈ ವಿದ್ಯೆಯ ಜೀವಾಳ ಯಂತ್ರದಲ್ಲಿಲ್ಲ, ಚೌಕಟ್ಟು ಮತ್ತು ಕೋಶಗಳ ಸಂಬಂಧದಲ್ಲಿದೆ.

ಆ ಸಂಬಂಧವನ್ನು ತಿಳಿಯಲು ಉಬ್ರಾಣಿ ಹೋಬಳಿಯ ಹೊಲ ತೋಟಗಳಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಮೊದಲು ರೋಗಿಯ ದೇಹದಿಂದ ಅಕ್ಕಿಕಾಳಿನಷ್ಟು ತುಣುಕನ್ನು ತೆಗೆದು, ಅದರ ಕೋಶಗಳನ್ನು ಬಿಡಿಸಿ, ದೇಹದ ಬಿಸಿಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೋಷಕ ದ್ರವದೊಳಗೆ ವೃದ್ಧಿಗೊಳಿಸುತ್ತಾರೆ. ಇದು ಸಸಿಮಡಿ. ಆ ಕೋಶಗಳನ್ನು ಲೋಳೆಯಂಥ ದ್ರವ್ಯದಲ್ಲಿ ಕಲಸುತ್ತಾರೆ. ಇದಕ್ಕೆ ಬಯೋ ಇಂಕ್ ಎಂಬ ಹೆಸರಿದ್ದರೂ ಇದು ಮಸಿಯಲ್ಲ, ಬೀಜ ಬೆರೆತ ಹಸಿಮಣ್ಣು. ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್, ಚರ್ಮ ಮೂಳೆಗಳಿಂದ ದೊರೆಯುವ ಜೆಲಟಿನ್ ಮತ್ತು ಕೊಲಾಜೆನ್, ರೇಷ್ಮೆಯ ಫೈಬ್ರಾಯಿನ್ ಇವೇ ಆ ದ್ರವ್ಯಗಳಲ್ಲಿ ಮುಖ್ಯವಾದವು. ಬಳಿಕ ಗಣಕಯಂತ್ರದ ಅಪ್ಪಣೆಯಂತೆ ಚಲಿಸುವ ಸೂಕ್ಷ್ಮ ಕೊಳವೆಯಿಂದ ಅದನ್ನು ಎಳೆಯೆಳೆಯಾಗಿ ಒತ್ತುತ್ತಾರೆ, ಮನೆಯ ಹೆಂಗಸರು ಒರಳಿನಿಂದ ಶಾವಿಗೆ ಒತ್ತುವಂತೆ. ಆಲ್ಜಿನೇಟಿನ ಎಳೆಯಾದರೆ ಕ್ಯಾಲ್ಸಿಯಂ ಕ್ಲೋರೈಡ್ ತಗುಲಿದೊಡನೆ ಗಟ್ಟಿಯಾಗುತ್ತದೆ. ಕೆಲವು ದ್ರವ್ಯಗಳು ಬೆಳಕು ಬಿದ್ದಾಗ ಗಟ್ಟಿಯಾಗುತ್ತವೆ. ಒಂದು ಪದರದ ಮೇಲೆ ಅಡ್ಡಲಾಗಿ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು; ಹೀಗೆ ಹಂದರ ಏಳುತ್ತದೆ.

ಈ ಯಂತ್ರವನ್ನು ಮುದ್ರಕಕ್ಕಿಂತ ಕೂರಿಗೆಗೆ ಹೋಲಿಸುವುದೇ ಹೆಚ್ಚು ಸಮಂಜಸ. ಕೂರಿಗೆಯ ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಯಲ್ಲಿ ಇಳಿದು ಸಾಲಿನಲ್ಲಿ ಸರಿಯಾದ ಅಂತರಕ್ಕೆ ಬೀಳುತ್ತದೆ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲನ್ನು ಬಿಡುವಂತೆ, ಒಂದು ಕೊಳವೆಯಿಂದ ಒಂದು ಜಾತಿಯ ಕೋಶ, ಮತ್ತೊಂದರಿಂದ ಇನ್ನೊಂದು ಜಾತಿಯ ಕೋಶ. ಅಚ್ಚುಕೂಟದಲ್ಲಿ ಹಾಳೆ ಹೊರಬಿದ್ದೊಡನೆ ಕೆಲಸ ಮುಗಿಯಿತು. ಹೊಲದಲ್ಲಿ ಬಿತ್ತನೆ ಮುಗಿದ ದಿನ ಕೆಲಸ ಆರಂಭವಾಯಿತು. ಕೋಶಗಳೂ ಹಾಗೆಯೇ. ಹಂದರದಲ್ಲಿ ನೆಲೆಯಾದ ಮೇಲೆ ಅವು ವೃದ್ಧಿಯಾಗಬೇಕು, ಒಂದನ್ನೊಂದು ಗುರುತಿಸಬೇಕು, ತಮ್ಮ ಸುತ್ತ ತಾವೇ ದ್ರವ್ಯವನ್ನು ಸ್ರವಿಸಿ ನೆಯ್ಗೆಯಾಗಬೇಕು. ಇದಕ್ಕೆ ವಾರಗಳೂ ತಿಂಗಳುಗಳೂ ಹಿಡಿಯುತ್ತವೆ. ಎಳೆಯ ಅಡಿಕೆ ಸಸಿಗೆ ನೆರಳಾಗಲೆಂದು ಬಾಳೆಯನ್ನು ನೆಟ್ಟು, ಅಡಿಕೆ ತಲೆಯೆತ್ತಿ ನಿಂತ ಮೇಲೆ ಬಾಳೆಯನ್ನು ತೆಗೆಯುವುದು ಈ ಸೀಮೆಯ ರೈತನಿಗೆ ಗೊತ್ತಿರುವ ವಿದ್ಯೆ. ಒಳ್ಳೆಯ ಹಂದರವೂ ಅಂಥದೇ. ಕೋಶಗಳಿಗೆ ಆಸರೆಯಾಗಿ ನಿಂತು, ಅವು ಸ್ವಂತ ನೆಯ್ಗೆಯನ್ನು ಕಟ್ಟಿಕೊಂಡಂತೆಲ್ಲ ಕರಗುತ್ತ ಹೋಗಿ ಕಡೆಗೆ ಇಲ್ಲವಾಗಬೇಕು. ಬೇಗ ಕರಗಿದರೆ ಕಟ್ಟಡ ಕುಸಿಯುತ್ತದೆ. ತಡವಾಗಿ ಕರಗಿದರೆ ಬೆಳೆಗೇ ಬೇಲಿ ಅಡ್ಡವಾಗುತ್ತದೆ.

ಹದದ ಮಾತು ಇದಕ್ಕಿಂತಲೂ ಸೂಕ್ಷ್ಮ. ಲೋಳೆ ಗಟ್ಟಿಯಾದಷ್ಟೂ ಆಕಾರ ಚೆನ್ನಾಗಿ ನಿಲ್ಲುತ್ತದೆ, ಆದರೆ ಒಳಗಿನ ಕೋಶಗಳು ಉಸಿರುಗಟ್ಟುತ್ತವೆ. ತೆಳುವಾದಷ್ಟೂ ಕೋಶಗಳು ಸುಖವಾಗಿರುತ್ತವೆ, ಆದರೆ ಆಕಾರ ಮಂಕಾಗಿ ಹರಡಿಹೋಗುತ್ತದೆ. ಕೊಳವೆಯ ಬಾಯಿ ಕಿರಿದಾದಷ್ಟೂ ಗೆರೆ ನಿಖರ, ಆದರೆ ಆ ಇಕ್ಕಟ್ಟಿನಲ್ಲಿ ತಿಕ್ಕಾಟಕ್ಕೆ ಸಿಕ್ಕ ಕೋಶಗಳು ಸಾಯುತ್ತವೆ. ನೆಲದ ಗುಣ ಬೆಳೆಗೆ ಹತ್ತುವುದೂ ನಿಜ. ಒಂದೇ ಜಾತಿಯ ಆಕರಕೋಶಗಳು ಮೆತ್ತನೆಯ ಆಸರೆಯಲ್ಲಿ ನರಕೋಶಗಳ ಲಕ್ಷಣವನ್ನೂ, ಗಡುಸಾದ ಆಸರೆಯಲ್ಲಿ ಮೂಳೆಯ ಲಕ್ಷಣವನ್ನೂ ತಾಳುತ್ತವೆಂದು ಅಮೆರಿಕೆಯ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಹೀಗಿರಲು ಈ ಕಾರ್ಯವನ್ನು ಮುದ್ರಣವೆನ್ನುವುದು ಬೇಸಾಯವನ್ನು ಬರಿಯ ಕೂರಿಗೆ ಹೊಡೆತವೆಂದಂತೆ. ‘ಕೋಶಬಿತ್ತನೆ’ ಎಂದರೆ ಯಥಾರ್ಥ. ‘ಸ್ಕ್ಯಾಫೋಲ್ಡ್’ ಎಂಬುದಕ್ಕೆ ‘ಹಂದರ’ ಎಂದರೆ ಸಾಕು. ಈ ಎರಡು ಶಬ್ದಗಳನ್ನು ಕೇಳಿದವನು ಹೃದಯ ನಾಳೆಯೇ ಅಂಗಡಿಯಲ್ಲಿ ದೊರೆಯುವುದೆಂದು ಭ್ರಮಿಸಲಾರ. ಬಿತ್ತಿದ್ದೆಲ್ಲ ಬೆಳೆಯಲಾರದೆಂಬ ವಿವೇಕ ರೈತನ ಮಗನಿಗೆ ಹುಟ್ಟಿನಿಂದಲೇ ಇರುತ್ತದೆ.

ಮುಖ್ಯ ತೊಡಕು ನೀರಾವರಿಯದು. ಜೀವಂತ ಕೋಶಕ್ಕೆ ಪ್ರಾಣವಾಯುವೂ ಆಹಾರವೂ ತಲುಪಬೇಕಾದರೆ ರಕ್ತನಾಳ ಅದರ ಬಳಿಯಲ್ಲಿಯೇ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಿಂದ ಐದನೆಯ ಒಂದು ಪಾಲಿನೊಳಗಿನ ದೂರದಲ್ಲಿ ಇರಬೇಕು. ಅದಕ್ಕಿಂತ ದಪ್ಪನಾದ ಅಂಗಾಂಶವನ್ನು ಕಟ್ಟಿದರೆ ನಡುವಿನ ಕೋಶಗಳು ಹಸಿದು ಸಾಯುತ್ತವೆ. ಚನ್ನಗಿರಿ ಸೀಮೆಯ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ, ತುಂಬಿದ್ದರೆ ಸಾಲದು. ಸಿದ್ಧನಾಲೆ ಬಸವನಾಲೆಗಳು ಹರಿಯಬೇಕು, ಅಲ್ಲಿಂದ ಕವಲುಗಾಲುವೆಗಳು ಒಡೆದು ಕೊನೆಯ ಗದ್ದೆಗೂ ನೀರು ಮುಟ್ಟಬೇಕು. ಯಕೃತ್ತು, ಮೂತ್ರಪಿಂಡ, ಹೃದಯಗಳಲ್ಲಿ ಇಂಥ ಕವಲುಗಾಲುವೆಗಳು ಎಣಿಕೆಗೆ ಮೀರಿದವು. ಅವನ್ನು ಕಟ್ಟಿ, ರೋಗಿಯ ರಕ್ತನಾಳಕ್ಕೆ ಸೇರಿಸಿ, ಬಹುಕಾಲ ಹರಿಯುವಂತೆ ಮಾಡುವ ವಿದ್ಯೆ ಇನ್ನೂ ಕೈಗೂಡಿಲ್ಲ. ಆದ್ದರಿಂದಲೇ ರಕ್ತನಾಳಗಳ ಅಗತ್ಯ ಕಡಿಮೆಯಿರುವ ಮೃದ್ವಸ್ಥಿ, ಚರ್ಮ, ಕಣ್ಣಿನ ಪಾರಪಟಲ ಇವುಗಳಲ್ಲಿ ಮೊದಲ ಫಲ ಕಾಣಿಸಿದೆ. 2022ರಲ್ಲಿ ಅಮೆರಿಕೆಯಲ್ಲಿ ಹುಟ್ಟಿನಿಂದ ಒಂದು ಕಿವಿ ಬೆಳೆಯದಿದ್ದ ತರುಣಿಗೆ ಅವಳದೇ ಕೋಶಗಳಿಂದ ರೂಪಿಸಿದ ಕಿವಿಯನ್ನು ಜೋಡಿಸಿದರು. ಅದೇ ವರ್ಷ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ, ಅಲ್ಲಿನ ಐ.ಐ.ಟಿ. ಮತ್ತು ಕೋಶ ಹಾಗೂ ಅಣುಜೀವವಿಜ್ಞಾನ ಕೇಂದ್ರಗಳು ಕೂಡಿ ಮಾನವನ ಕಣ್ಣಿನಿಂದಲೇ ಪಡೆದ ದ್ರವ್ಯ ಮತ್ತು ಆಕರಕೋಶಗಳಿಂದ ಪಾರಪಟಲವನ್ನು ರಚಿಸಿ ಮೊಲದ ಕಣ್ಣಿಗೆ ಜೋಡಿಸಿದವು.

ಕನ್ನಡ ನಾಡೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಹೆಮ್ಮೆಯ ಸಂಗತಿ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಕ್ರಮಜಿತ್ ಬಸು, ಕೌಶಿಕ್ ಚಟರ್ಜಿ ಮೊದಲಾದ ವಿದ್ವಾಂಸರು ದೇಹಕ್ಕೆ ಒಗ್ಗುವ ದ್ರವ್ಯಗಳ ವಿಚಾರದಲ್ಲಿ, ಅಂಗಾಂಶದ ಹಂದರಗಳ ವಿಚಾರದಲ್ಲಿ ಸಂಶೋಧನೆ ನಡೆಸುತ್ತ ಬಂದಿದ್ದಾರೆ. ಅಲ್ಲಿ ಕೋಶಬಿತ್ತನೆಯ ಶ್ರೇಷ್ಠತಾ ಕೇಂದ್ರವೊಂದನ್ನು ಸ್ಥಾಪಿಸಲು 2022ರಲ್ಲಿ ಸ್ವೀಡನ್ ಮೂಲದ ಸೆಲ್‌ಲಿಂಕ್ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದೇ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ತುಹಿನ್ ಭೌಮಿಕ್ ಮತ್ತು ಅರುಣ್ ಚಂದ್ರು ಎಂಬ ತರುಣರು 2011ರಲ್ಲಿ ಆರಂಭಿಸಿದ ಪ್ಯಾಂಡೋರಮ್ ಸಂಸ್ಥೆ, ಮಾನವ ಯಕೃತ್ತಿನ ಕೆಲವು ಕಾರ್ಯಗಳನ್ನು ಮಾಡಬಲ್ಲ ಅಂಗಾಂಶವನ್ನು ಬೆಂಗಳೂರಿನಲ್ಲಿ ರಚಿಸಿರುವುದಾಗಿ 2015ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದು ರೋಗಿಯ ಹೊಟ್ಟೆಯೊಳಗೆ ಇಡುವ ಯಕೃತ್ತಲ್ಲ. ಹೊಸ ಔಷಧಗಳು ಯಕೃತ್ತಿಗೆ ಕೇಡು ಮಾಡುತ್ತವೆಯೇ ಎಂದು ಪರೀಕ್ಷಿಸಲು ಒದಗುವ ಕಿರಿಯ ಅಂಗಾಂಶ. ಆದರೂ ಅದರ ಬೆಲೆ ಅಲ್ಪವಲ್ಲ. ಔಷಧ ಪರೀಕ್ಷೆಯ ಹೆಸರಿನಲ್ಲಿ ಮೂಕಪ್ರಾಣಿಗಳು ಪಡುವ ಯಾತನೆಯನ್ನು ಇಂಥ ಅಂಗಾಂಶಗಳು ತಗ್ಗಿಸಬಲ್ಲವು. 2023ರಲ್ಲಿ ಭಾರತ ಸರ್ಕಾರವೂ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ ಪ್ರಾಣಿಗಳಿಲ್ಲದ ಪರೀಕ್ಷಾಕ್ರಮಗಳಿಗೆ ಎಡೆಮಾಡಿಕೊಟ್ಟಿದೆ. ಪ್ರಾಣಿದಯೆಯನ್ನು ಧರ್ಮದ ಬುಡವೆಂದು ಬಗೆದ ಪರಂಪರೆಗೆ ಇದು ಸಂತೋಷದ ಸುದ್ದಿ.

ದಯೆಯ ಲೆಕ್ಕವನ್ನು ಹಿಡಿದ ಮೇಲೆ ಪೂರ್ತಿ ಹಿಡಿಯಬೇಕು. ಹಂದರಕ್ಕೆ ಬಳಸುವ ಜೆಲಟಿನ್ ದನ ಹಂದಿಗಳ ಚರ್ಮ ಮೂಳೆಗಳಿಂದ ಬರುತ್ತದೆ. ಕೋಶಗಳನ್ನು ಬೆಳೆಸುವ ದ್ರವಕ್ಕೆ ಬಹುಕಾಲದಿಂದ ಬೆರೆಸುತ್ತ ಬಂದಿರುವುದು ಗರ್ಭಸ್ಥ ಕರುವಿನ ರಕ್ತದ್ರವವನ್ನು. ರೇಷ್ಮೆ ಕನ್ನಡ ನಾಡಿನ ಹೆಮ್ಮೆಯ ಬೆಳೆ. ರಾಮನಗರದ ಗೂಡಿನ ಮಾರುಕಟ್ಟೆ ಲೋಕಪ್ರಸಿದ್ಧ. ಗೂಡಿನ ನೂಲಿನಿಂದ ಅಂಟನ್ನು ತೆಗೆದು ಉಳಿಸಿಕೊಂಡ ಫೈಬ್ರಾಯಿನ್ ಹಂದರಕ್ಕೆ ಬಹಳ ಒಗ್ಗುತ್ತದೆ. ಆದರೆ ನೂಲು ಬಿಚ್ಚುವ ಮೊದಲು ಗೂಡಿನೊಳಗಿನ ಹುಳು ಬಿಸಿಗೆ ಬಲಿಯಾಗುತ್ತದೆಂಬುದು ಯಾರಿಗೆ ತಿಳಿಯದು? ಹಾಗೆಂದು ಈ ವಿದ್ಯೆಯನ್ನೇ ತಿರಸ್ಕರಿಸಬೇಕೆಂದಲ್ಲ. ಇದೇ ಜೆಲಟಿನ್ನಿನ ಔಷಧಗುಳಿಗೆಗಳನ್ನು ಶಾಕಾಹಾರಿಗಳೂ ನುಂಗುತ್ತಲೇ ಇದ್ದಾರೆ. ಕಡಲಪಾಚಿಯ ದ್ರವ್ಯ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಪ್ರೋಟೀನು, ರಕ್ತದ್ರವವಿಲ್ಲದ ಪೋಷಕದ್ರವ ಇವು ಈಗಾಗಲೇ ಬಳಕೆಗೆ ಬರುತ್ತಿವೆ. ಆ ದಾರಿಯನ್ನು ಅಗಲಗೊಳಿಸಿ ಎಂದು ವಿಜ್ಞಾನಿಗಳನ್ನು ಕೇಳುವ ಅಧಿಕಾರ ಅಹಿಂಸೆಯನ್ನು ನಂಬಿದ ಸಮಾಜಕ್ಕಿದೆ. ಆದರೆ ಕೇಳುವವನಿಗೆ ಆ ವಿದ್ಯೆಯ ಅಕ್ಷರಾಭ್ಯಾಸವಾದರೂ ಆಗಿರಬೇಕು.

ತಿಳಿಯದೆ ಹಿಗ್ಗುವುದು ಎಂಥ ಅನಾಹುತಕ್ಕೆ ದಾರಿಯಾಗುತ್ತದೆಂಬುದಕ್ಕೆ ಸ್ವೀಡನ್ನಿನ ಪ್ರಕರಣ ಸಾಕ್ಷಿ. 2011ರಲ್ಲಿ ಪಾವೊಲೊ ಮಕಿಯಾರಿನಿ ಎಂಬ ಶಸ್ತ್ರವೈದ್ಯ ಸ್ಟಾಕ್‌ಹೋಮಿನ ಪ್ರಸಿದ್ಧ ಕರೊಲಿನ್ಸ್ಕಾ ಆಸ್ಪತ್ರೆಯಲ್ಲಿ, ಕೃತಕ ದ್ರವ್ಯದ ಹಂದರದ ಮೇಲೆ ರೋಗಿಯ ಆಕರಕೋಶಗಳನ್ನು ಹರಡಿ ಶ್ವಾಸನಾಳವನ್ನು ಮಾಡಿ ಜೋಡಿಸಿದ. ಪತ್ರಿಕೆಗಳು ಆತನನ್ನು ಹಾಡಿ ಹೊಗಳಿದವು. ಆದರೆ ಬಿತ್ತಿದ ಕೋಶಗಳು ನೆಯ್ಗೆಯಾಗಲಿಲ್ಲ, ನಾಳ ಜೀವಂತವಾಗಲಿಲ್ಲ. ಸ್ವೀಡನ್ನಿನಲ್ಲಿ ಅಂಥ ನಾಳವನ್ನು ಪಡೆದ ಮೂವರೂ ಮರಣ ಹೊಂದಿದರು. ಪ್ರಾಣಿಗಳಲ್ಲಿ ಸಮರ್ಪಕವಾಗಿ ಪರೀಕ್ಷಿಸದ ವಸ್ತುವನ್ನು ಮನುಷ್ಯರಲ್ಲಿ ಇಟ್ಟ ಆ ಸಾಹಸ ಕಡೆಗೆ ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆತನಿಗೆ ಎರಡೂವರೆ ವರ್ಷಗಳ ಸೆರೆವಾಸವನ್ನು ವಿಧಿಸಿತು. ವಿದ್ಯಾವಂತರ ದೇಶದಲ್ಲಿ, ಜಗದ್ವಿಖ್ಯಾತ ಸಂಸ್ಥೆಯಲ್ಲಿ ಹೀಗಾಯಿತು. ಹಾಗಿರುವಾಗ ‘ಆಕರಕೋಶ ಚಿಕಿತ್ಸೆ’ ಎಂಬ ಬೋರ್ಡನ್ನು ಕಂಡು ಹೊಲ ಅಡವಿಟ್ಟು ಹಣ ಸುರಿಯಲು ಹೊರಟ ಬಡ ತಂದೆಯನ್ನು ತಡೆದು, ‘ಇದು ಎಷ್ಟು ಜನರಲ್ಲಿ ಸಿದ್ಧವಾಗಿದೆ, ಯಾರು ಒಪ್ಪಿಗೆ ಕೊಟ್ಟಿದ್ದಾರೆ ಎಂದು ಕೇಳಿ ಬಾ’ ಎನ್ನುವವರು ಯಾರು? ಆ ಊರಿನ ಶಾಲೆಯಲ್ಲಿ ಕಲಿತವನೇ ಹೇಳಬೇಕು.

ಇಲ್ಲಿ ಇನ್ನೊಂದು ಅಪಾಯವಿದೆ. ಅಂಗಗಳೆಲ್ಲ ಇನ್ನು ಯಂತ್ರದಿಂದಲೇ ಬರುವುವೆಂಬ ನಂಬಿಕೆ ಬೇರೂರಿದರೆ, ಅಂಗದಾನವೇಕೆ ಎಂಬ ಉದಾಸೀನ ಅದರ ಬೆನ್ನಿಗೇ ಬರುತ್ತದೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆಂದು ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತುವ ರೋಗಿಗೆ ಕೋಶಬಿತ್ತನೆಯ ಮೂತ್ರಪಿಂಡ ಈ ಹೊತ್ತಿಗೆ ಇಲ್ಲ; ಅವನಿಗೆ ಬೇಕಾದುದು ಮತ್ತೊಬ್ಬ ಮನುಷ್ಯನ ಔದಾರ್ಯ. 1994ರ ಅಂಗಾಂಗ ಕಸಿ ಕಾಯಿದೆ ಅದಕ್ಕೆ ದಾರಿ ಮಾಡಿದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಅರ್ಥಪೂರ್ಣ ಹೆಸರಿನ ಸಂಸ್ಥೆ ಆ ಕಾರ್ಯವನ್ನು ನಡೆಸುತ್ತಿದೆ. 2006ರಲ್ಲಿ ಡಾ. ರಾಜಕುಮಾರರು ತೀರಿಕೊಂಡಾಗ ಅವರ ನೇತ್ರಗಳ ದಾನವಾಯಿತು. 2021ರ ಅಕ್ಟೋಬರಿನಲ್ಲಿ ಅವರ ಪುತ್ರ ಪುನೀತ್ ರಾಜಕುಮಾರ್ ಅಕಾಲದಲ್ಲಿ ಅಗಲಿದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಪಾರಪಟಲಗಳನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದೇ ವರ್ಷದ ಜೂನಿನಲ್ಲಿ ನೆರೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಡಿದಾಗ, ದುಃಖದ ಆ ಗಳಿಗೆಯಲ್ಲಿಯೂ ಅವರ ಮನೆಯವರು ಅಂಗದಾನಕ್ಕೆ ಒಪ್ಪಿದರು. ಈ ಕುಟುಂಬಗಳ ತೀರ್ಮಾನಕ್ಕಿಂತ ಮಿಗಿಲಾದ ದಾಸೋಹವನ್ನು ಕಾಣುವುದು ಕಷ್ಟ.

ಲಿಂಗಾಯತ ಸಮಾಜದಲ್ಲಿ ದೇಹವನ್ನು ಸಮಾಧಿ ಮಾಡುವುದು ಪದ್ಧತಿ. ದೇಹ ಪೂರ್ಣವಾಗಿಯೇ ಮಣ್ಣಿಗೆ ಸೇರಬೇಕೆಂಬ ಭಾವನೆಯಿಂದ ಕೆಲವು ಹಿರಿಯರು ನೇತ್ರದಾನಕ್ಕೂ ಹಿಂಜರಿಯುತ್ತಾರೆ. ಅವರ ಭಕ್ತಿಯನ್ನು ಗೌರವಿಸಿಯೇ ಒಂದು ಮಾತನ್ನು ಹೇಳಬೇಕಾಗಿದೆ. ಮರಣವಾದ ಸುಮಾರು ಆರು ಗಂಟೆಯೊಳಗೆ ವೈದ್ಯರು ಬಂದು ನೇತ್ರವನ್ನು ಪಡೆಯುತ್ತಾರೆ. ಮುಖ ವಿಕಾರವಾಗುವುದಿಲ್ಲ, ವಿಭೂತಿ ಧಾರಣೆಗಾಗಲಿ, ಸಮಾಧಿಯ ಕ್ರಿಯೆಗಳಿಗಾಗಲಿ ಯಾವ ಅಡ್ಡಿಯೂ ಇಲ್ಲ. ಬದುಕಿರುವಾಗ ಅನ್ನವನ್ನೂ ಅಕ್ಷರವನ್ನೂ ಹಂಚಿದ ಕೈ, ಹೋಗುವಾಗ ಬೆಳಕನ್ನೂ ಹಂಚಿ ಹೋದರೆ ಶರಣ ಧರ್ಮಕ್ಕೆ ಅದು ಭೂಷಣವೇ ಹೊರತು ಲೋಪವಲ್ಲ. ಕೋಶಬಿತ್ತನೆಯ ಸಂಶೋಧನೆಗೂ ಮೂಲದ್ರವ್ಯ ಕೆಲವೊಮ್ಮೆ ಇಂಥ ದಾನಗಳಿಂದ ಒದಗುತ್ತದೆ. ಹೈದರಾಬಾದಿನ ಪಾರಪಟಲದ ಮೂಲವೂ ಮನುಷ್ಯನ ಕಣ್ಣೇ.

ಈ ಸೀಮೆಗೆ ಮಾತ್ರ ವಿಶೇಷವಾಗಿ ತಟ್ಟುವ ಒಂದು ಸಂಗತಿಯನ್ನು ಬಚ್ಚಿಡಲಾಗದು. ಉಬ್ರಾಣಿಯ ಮನೆಗಳನ್ನು ಎತ್ತಿ ನಿಲ್ಲಿಸಿದ್ದು ಅಡಿಕೆ. ಶಾಲೆಗಳ ಕೊಠಡಿಗಳಿಗೆ ದಾನವಾಗಿ ಬಂದದ್ದೂ ಅಡಿಕೆಯ ಹಣ. ತಾಂಬೂಲವಿಲ್ಲದೆ ಮಂಗಳಕಾರ್ಯವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಹೊಗೆಸೊಪ್ಪು ಗುಟ್ಕಾಗಳ ಸಹವಾಸದಲ್ಲಂತೂ ಅದರ ಕೇಡು ಹೆಚ್ಚುತ್ತದೆ. ಬಾಯಿ ಬಿಗಿದುಕೊಂಡು ತುತ್ತು ಹೋಗದಂತಾದ ತರುಣರನ್ನು ವೈದ್ಯರು ಕಾಣುತ್ತಿದ್ದಾರೆ. ರೋಗ ಹೊಕ್ಕ ದವಡೆಯನ್ನು ಕತ್ತರಿಸಿ ತೆಗೆದ ಮೇಲೆ, ಶಸ್ತ್ರವೈದ್ಯರು ರೋಗಿಯ ಕಾಲಿನ ಮೂಳೆಯನ್ನು ರಕ್ತನಾಳಸಹಿತ ತೆಗೆದು ದವಡೆಯಾಗಿ ಕಟ್ಟುತ್ತಾರೆ. ಒಂದು ಅಂಗವನ್ನು ಉಳಿಸಲು ಮತ್ತೊಂದಕ್ಕೆ ಗಾಯ. ರೋಗಿಯದೇ ಕೋಶಗಳಿಂದ ಹಂದರದಲ್ಲಿ ಮೂಳೆಯನ್ನೂ ಬಾಯಿಯ ಒಳಚರ್ಮವನ್ನೂ ಬೆಳೆಸುವ ವಿದ್ಯೆ ಕೈಗೂಡಿದರೆ ಆ ಎರಡನೆಯ ಗಾಯ ತಪ್ಪೀತು. ಬೆಳೆಗಾರನ ಬದುಕನ್ನು ಹಳಿಯುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ತೋಟದ ಆದಾಯದಲ್ಲಿ ಒಂದು ಪಾಲು ಇಂಥ ಸಂಶೋಧನೆಗೆ, ಒಂದು ಪಾಲು ಮಕ್ಕಳ ವಿಜ್ಞಾನ ಶಿಕ್ಷಣಕ್ಕೆ ಸಂದರೆ ಅದು ಋಣಪರಿಹಾರವೂ ಹೌದು, ಧರ್ಮವೂ ಹೌದು. ಮಕ್ಕಳ ಕೈಗೆ ಗುಟ್ಕಾ ಸಿಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲ ಕರ್ತವ್ಯ.

ಮಠದ ಶಾಲೆಗಳು ಈ ದಿಸೆಯಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ನಿಶ್ಚಯದಿಂದ ಮಾಡಬೇಕಾದದ್ದು. ಶತಮಾನೋತ್ಸವಕ್ಕೆ ಮಹಾದ್ವಾರವನ್ನೋ ಸಭಾಮಂಟಪವನ್ನೋ ಕಟ್ಟಿಸುವ ದಾನಿಗಳು ಪ್ರಯೋಗಶಾಲೆಗೆ ಹತ್ತು ಸೂಕ್ಷ್ಮದರ್ಶಕಗಳನ್ನು ಕೊಡಿಸಿದರೆ ಅವರ ಹೆಸರು ಕಲ್ಲಿನಲ್ಲಿ ಉಳಿಯುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಈರುಳ್ಳಿಯ ಪೊರೆಯಲ್ಲಿ ಮೊದಲ ಸಲ ಜೀವಕೋಶವನ್ನು ಕಂಡ ಹುಡುಗಿಯ ಕಣ್ಣಿನ ಬೆಳಕಿಗೆ ಯಾವ ಶಿಲಾಫಲಕ ಸಾಟಿ? ಇಂದಿಗೂ ಎಷ್ಟೋ ಶಾಲೆಗಳಲ್ಲಿ ಜೀವಕೋಶವೆಂದರೆ ಕಪ್ಪುಹಲಗೆಯ ಮೇಲಿನ ಒಂದು ಚಿತ್ರ, ಪರೀಕ್ಷೆಗೆ ಐದು ಅಂಕ. ಕಂಠಪಾಠದಿಂದ ಕೋಶಬಿತ್ತನೆಯ ವಿಜ್ಞಾನಿ ಹುಟ್ಟಲಾರ.

ಭಾಷೆಯ ಉಪಾಧ್ಯಾಯರಿಗೂ ಇಲ್ಲಿ ಪಾಲಿದೆ. ವಿಜ್ಞಾನ ತಮ್ಮ ವಿಷಯವಲ್ಲವೆಂದು ಕನ್ನಡ ಪಂಡಿತರು ಕೈತೊಳೆದುಕೊಳ್ಳುವುದು ಕನ್ನಡದ ಪರಂಪರೆಗೆ ಒಪ್ಪುವ ನಡತೆಯಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮ ಗೋವೈದ್ಯವನ್ನೂ, ಜಗದ್ದಳ ಸೋಮನಾಥ ಕಲ್ಯಾಣಕಾರಕವನ್ನೂ ಕನ್ನಡದಲ್ಲಿ ರಚಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಪದ್ಯಗಳಲ್ಲಿ ತುಂಬಿಟ್ಟ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಕನ್ನಡಕ್ಕೆ ಹೊಸ ಶಾಸ್ತ್ರಗಳ ಬಾಗಿಲು ತೆರೆದರು. ಆ ಬಾಗಿಲು ಮುಚ್ಚಬಾರದು. ಎಲ್ಲ ಶಬ್ದಗಳನ್ನೂ ಭಾಷಾಂತರಿಸಬೇಕೆಂಬ ಹಟ ಬೇಡ. ಆಲ್ಜಿನೇಟ್, ಕೊಲಾಜೆನ್ ಅಂಥವು ಬಸ್ಸು ರೈಲುಗಳಂತೆ ಹಾಗೆಯೇ ಬರಲಿ. ಆದರೆ ವಿಷಯದ ತಿರುಳನ್ನು ಹಿಡಿದ ಶಬ್ದ ಮಾತ್ರ ನಾಡಿನ ಮಣ್ಣಿನದಾಗಿರಬೇಕು. ವಿಜ್ಞಾನದ ಉಪಾಧ್ಯಾಯರೂ ಕನ್ನಡದ ಉಪಾಧ್ಯಾಯರೂ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ತೋಟದ ಆಳನ್ನೂ ನೇಕಾರನನ್ನೂ ಸೂಲಗಿತ್ತಿಯನ್ನೂ ಕೇಳಿ ಶಬ್ದಗಳನ್ನು ಆರಿಸಿದರೆ, ಹತ್ತು ವರ್ಷಗಳಲ್ಲಿ ಒಂದು ಒಳ್ಳೆಯ ಪದಕೋಶವೇ ಸಿದ್ಧವಾದೀತು. ವಿದೇಶಗಳಲ್ಲಿ, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಜಾತ್ರೆಯ ತೇರನ್ನೆಳೆದು ಹೋಗುವುದರ ಜೊತೆಗೆ ಒಂದು ಗಂಟೆ ತರಗತಿಯಲ್ಲಿ ನಿಂತು ತಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಲಿ. ವಿವರಿಸಲು ತಡಕಾಡುವ ಆ ಗಂಟೆಯಲ್ಲಿಯೇ ಅವರಿಗೂ ಹೊಸದೇನಾದರೂ ಹೊಳೆದೀತು.

ದೇಹವೆಂಬ ಗುಡಿಯ ಜೀರ್ಣೋದ್ಧಾರ ಆರಂಭವಾಗಿದೆ, ಮುಗಿದಿಲ್ಲ. ಮುಗಿಯಿತೆಂದು ಡಂಗುರ ಹೊಡೆಯುವವರನ್ನೂ, ಆರಂಭವೇ ಪಾಪವೆನ್ನುವವರನ್ನೂ ಸಮಾಜ ಸಮಾನ ದೂರದಲ್ಲಿಡಬೇಕು. ಬಿತ್ತಿದವರು ತಾಳ್ಮೆಯಿಂದ ಕಾಯುತ್ತಿದ್ದಾರೆ. ಬೆಳೆ ಬರುವವರೆಗೆ ಹಸಿದವನಿಗೆ ಕಣಜದ ಕಾಳನ್ನು ಹಂಚುವುದು ಊರಿನ ಹೊಣೆ. ಅಂಗದಾನ ನೇತ್ರದಾನಗಳೇ ಆ ಕಣಜ. ಮಠದ ಅಂಗಳದಲ್ಲಿ ಅಕ್ಷರ ಕಲಿತ ಉಬ್ರಾಣಿ ಸೀಮೆಯ ಮಗುವೊಂದು ಮುಂದೊಂದು ದಿನ ಆ ಬೆಳೆಗೆ ನೀರು ಹಾಯಿಸುವ ಕಾಲುವೆಯನ್ನು ಕಂಡುಹಿಡಿಯಲಿ, ಅದಕ್ಕೆ ಕನ್ನಡದಲ್ಲಿಯೇ ಹೆಸರಿಡಲಿ ಎಂಬುದು ಈ ಸಂಚಿಕೆಯನ್ನು ಕೈಗೆತ್ತಿಕೊಂಡ ಗುರುಗಳ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಹಾರೈಕೆಯಾಗಲಿ. ಆ ಹಾರೈಕೆ ಪ್ರಯೋಗಶಾಲೆಯ ಬಾಗಿಲಿನಲ್ಲಿ ಕಾರ್ಯರೂಪಕ್ಕೆ ಬರಲಿ.